ತುಕ್ಕಿಗೆ ಹೆದರಬೇಡಿ, ಕೆಂಪು ಹಿಡಿಗೆ ಹೆದರಿ

ಓದುಗರೊಬ್ಬರ ಪ್ರಶ್ನೆ: "ಅಜ್ಜಿಯ ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿಂದ ಒಂದು ಮರದ ಪೆಟ್ಟಿಗೆ ಇಳಿಸಿದೆವು. ಒಳಗೆ ಐದು ಸಾಮಾನು ಇದ್ದವು. ಮೇಜಿನ ಅಂಚಿಗೆ ತಿರುಪು ಬಿಗಿದು ಕೂರಿಸುವ, ಮಾಂಸ ಅರೆಯುವ ಕೈ ಮಿನ್ಸರ್, ಕೆಂಪು ಮರದ ಹಿಡಿಯ ಮೊಟ್ಟೆ ಬೀಟರ್, ಕೆಳಗೆ ಪುಟ್ಟ ಡ್ರಾಯರ್ ಇರುವ ಕಾಫಿ ಗ್ರೈಂಡರ್, ಬೇಯಿಸಿದ ತರಕಾರಿ ಹಿಸುಕಿ ಸೋಸುವ ತಗಡಿನ ಫುಡ್ ಮಿಲ್, ಮತ್ತೆ ಬಟ್ಟೆ ಸುತ್ತಿದ ವೈರಿನ ಹಳೇ ಎಲೆಕ್ಟ್ರಿಕ್ ಮಿಕ್ಸರ್. ಮಿನ್ಸರ್ ಒಳಗೆಲ್ಲ ತುಕ್ಕು ಹಿಡಿದಿತ್ತು. ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ಕಪ್ಪಗಾಗಿದೆ, ಮುಟ್ಟಿದರೆ ಕೈಗೆ ಮಸಿ ಹತ್ತುತ್ತದೆ. ತೊಳೆದು ಒಣಗಲು ಬಿಟ್ಟೆ, ಅರ್ಧ ಗಂಟೆಯಲ್ಲಿ ಮತ್ತೆ ಕಿತ್ತಳೆ ಬಣ್ಣದ ತುಕ್ಕು! ಹಾಳು ಮಾಡಿಬಿಟ್ಟೆನಾ? ಭಾವ 'ಹಳೇ ಸಾಮಾನಲ್ಲೆಲ್ಲ ಸೀಸ ಇರುತ್ತೆ, ಗುಜರಿಗೆ ಹಾಕು' ಅಂತಾರೆ. ಅಮ್ಮ 'ಆ ಕಾಲದ್ದು ಈಗಿನದಕ್ಕಿಂತ ಶುದ್ಧ, ಸುಮ್ನೆ ಬಳಸು' ಅಂತಾರೆ. ಬೀಟರ್‌ನ ಹಿಡಿಯ ಬಣ್ಣ ಅಲ್ಲಲ್ಲಿ ಎದ್ದಿದೆ. ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ ಹೊಸ ಬಣ್ಣ ಹಚ್ಚೋಣ ಅಂತಿದ್ದೇನೆ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ, ಹ್ಯಾಂಡಲ್ ತಿರುಗಿಸುವುದೆಂದರೆ ಅವಳಿಗೆ ಹಬ್ಬ. ಯಾವುದನ್ನು ಬಳಸಬಹುದು, ಯಾವುದನ್ನು ಬಿಡಬೇಕು?"

ಉತ್ತರ:

ಮೊದಲು ಆ ಸ್ಯಾಂಡ್‌ಪೇಪರ್ ಕೆಳಗಿಡಿ. ಬೀಟರ್ ಹಿಡಿಯನ್ನು ಉಜ್ಜಬೇಡಿ. ಕಾರಣ ಆಮೇಲೆ ಹೇಳುತ್ತೇನೆ. ಉತ್ತರ ಓದಿ ಮುಗಿಸುವ ಮೊದಲೇ ನೀವು ಆ ಕೆಲಸಕ್ಕೆ ಕೈ ಹಾಕಿದರೆ ಅನ್ನುವ ಭಯಕ್ಕೆ ಇದನ್ನೇ ಮೊದಲು ಬರೆದೆ.

ಎರಡನೆಯದು, ಮಿನ್ಸರ್ ಹಾಳಾಗಿಲ್ಲ.

ನಿಮ್ಮ ಪತ್ರದಲ್ಲಿ ಜಾಸ್ತಿ ಜಾಗ ತುಕ್ಕಿಗೆ ಹೋಗಿದೆ. ಹಿಡಿಯ ಬಣ್ಣಕ್ಕೆ ಎರಡು ಸಾಲು. ಮಿಕ್ಸರ್‌ನ ವೈರು ಬರೀ ಗುರುತು ಹೇಳಲಿಕ್ಕೆ ಬಂದಿದೆ. ಹಳೇ ಅಡುಗೆ ಸಲಕರಣೆ ರಿಪೇರಿ ಮಾಡುವುದೇ ನನ್ನ ಕಸುಬು. ನನ್ನ ಬೆಂಚಿನ ಮೇಲೆ ಈ ಐದನ್ನೂ ಇಟ್ಟರೆ ನಾನು ಹೆದರುವ ಕ್ರಮ ಇದಕ್ಕೆ ಪೂರಾ ಉಲ್ಟಾ. ಎಲ್ಲಕ್ಕಿಂತ ಮೊದಲು ಮಿಕ್ಸರ್‌ನ ವೈರು, ನಂತರ ಕೆಂಪು ಹಿಡಿ, ಆಮೇಲೆ ಫುಡ್ ಮಿಲ್‌ನ ಬೆಸುಗೆ. ತುಕ್ಕು ಕೊನೆಗೆ. ಕಣ್ಣಿಗೆ ಕೆಟ್ಟದಾಗಿ ಕಾಣುವುದು ಹೆಚ್ಚಾಗಿ ನಿರುಪದ್ರವಿ, ಚಂದ ಕಾಣುವುದರ ಮೇಲೆ ಒಂದು ಕಣ್ಣಿರಬೇಕು. ಹಳೇ ಸಾಮಾನಿನ ವಿಷಯದಲ್ಲಿ ಇದು ಎಷ್ಟೋ ಸಲ ನಿಜ.

ಭಾವ ಹೇಳಿದ್ದೂ ಅಮ್ಮ ಹೇಳಿದ್ದೂ ಅರ್ಧರ್ಧ ಸರಿ. "ಹಳೆಯದು" ಅನ್ನುವುದು ಒಂದು ಲೋಹದ ಹೆಸರಲ್ಲ. ಒಂದೇ ಬೀಟರ್‌ನಲ್ಲಿ ಉಕ್ಕು, ಎರಕದ ಕಬ್ಬಿಣ, ತವರ, ಮರ, ಬಣ್ಣ ಎಲ್ಲ ಇರುತ್ತವೆ. ಹಾಗಾಗಿ ಸಾಮಾನಿನ ವಯಸ್ಸು ಕೇಳುವ ಬದಲು ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಆಹಾರ ಯಾವ ಮೈಗೆ ತಾಗುತ್ತದೆ? ಆ ಮೈ ಯಾವುದರದ್ದು? ಅದು ಸವೆದಿದೆಯಾ? ಅದರ ಮೇಲೆ ಹುಳಿ ಎಷ್ಟು ಹೊತ್ತು ಕೂರುತ್ತದೆ? ಇಷ್ಟು ತಿಳಿದರೆ ಸುಮಾರು ಎಲ್ಲವೂ ತಿಳಿದ ಹಾಗೆ.

ಮೈ ಯಾವುದರದ್ದು ಅಂತ ತಿಳಿಯಲು ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ ಸಾಕು. ಗಟ್ಟಿಯಾಗಿ ಅಂಟಿದರೆ ಕಬ್ಬಿಣ, ಉಕ್ಕು ಅಥವಾ ತವರದ ಲೇಪ ಇರುವ ತಗಡು. ಅಂಟದಿದ್ದರೆ ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಇಲ್ಲವೇ ಕೆಲವು ಬಗೆಯ ಸ್ಟೇನ್‌ಲೆಸ್ ಸ್ಟೀಲ್. ಸ್ಟೇನ್‌ಲೆಸ್ ಸ್ಟೀಲ್ ಬಂದದ್ದೇ 1913ರ ಹೊತ್ತಿಗೆ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಅವರ ಕೈಯಲ್ಲಿ. ಅದು ಅಡುಗೆಮನೆಯ ಸಾಮಾನ್ಯ ಲೋಹ ಆಗಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಅದಕ್ಕೆ ಮೊದಲು ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ತವರದಲ್ಲಿ ಅದ್ದುತ್ತಿದ್ದರು. ನಿಮ್ಮ ಮಿನ್ಸರ್ ಮೇಲೆ ಅಲ್ಲಲ್ಲಿ ಬೂದು ಹೊಳಪು ಉಳಿದಿದ್ದರೆ ಬಹುಶಃ ಅದೇ.

ಈಗ ಆ ಕಪ್ಪು ಮಸಿಯ ವಿಷಯ. ಎರಕದ ಕಬ್ಬಿಣ ಬರೀ ಕಬ್ಬಿಣ ಅಲ್ಲ. ಅದರಲ್ಲಿ ನೂರಕ್ಕೆ 2ರಿಂದ 4 ಪಾಲು ಇಂಗಾಲ ಇರುತ್ತದೆ, ಅದರಲ್ಲಿ ಜಾಸ್ತಿ ಭಾಗ ಗ್ರಾಫೈಟ್‌ನ ಸಣ್ಣ ಸಣ್ಣ ಹಕ್ಕಳೆಯಾಗಿ. ಪೆನ್ಸಿಲ್ ಕಡ್ಡಿಯಲ್ಲಿ ಇರುವುದೂ ಅದೇ ಗ್ರಾಫೈಟ್. ವಿನೆಗರ್ ಮೊದಲು ತುಕ್ಕನ್ನು ತಿನ್ನುತ್ತದೆ. ತುಕ್ಕು ಮುಗಿದ ಮೇಲೂ ಬಿಟ್ಟರೆ ಕಬ್ಬಿಣವನ್ನೇ ತಿನ್ನಲು ಶುರುಮಾಡುತ್ತದೆ. ಗ್ರಾಫೈಟ್ ಮಾತ್ರ ಕರಗುವುದಿಲ್ಲ, ಮೈಮೇಲೆ ಮಸಿಯಾಗಿ ಉಳಿಯುತ್ತದೆ. ನಿಮ್ಮ ಕೈಗೆ ಹತ್ತಿದ್ದು ಬಹುಪಾಲು ಅದೇ. ವಿಷ ಅಲ್ಲ. ಆದರೆ ರಾತ್ರಿಯಿಡೀ ಇಟ್ಟದ್ದರಿಂದ ಉಳಿದಿದ್ದ ಅಷ್ಟಿಷ್ಟು ತವರವೂ ಹೋಗಿರಬಹುದು. ಅರ್ಧ ಗಂಟೆ ನೆನೆಸಿ, ತೆಗೆದು ಬ್ರಷ್‌ನಲ್ಲಿ ತಿಕ್ಕಿ, ಬೇಕಿದ್ದರೆ ಇನ್ನರ್ಧ ಗಂಟೆ ಅಂತ ಮಾಡಿದ್ದರೆ ಸಾಕಿತ್ತು.

ಮತ್ತೆ ಬಂದ ಕಿತ್ತಳೆ ತುಕ್ಕೂ ಅಚ್ಚರಿಯಲ್ಲ. ಹುಳಿ ತೊಳೆದ ಕಬ್ಬಿಣ ಪೂರಾ ಬೆತ್ತಲೆ. ಅದಕ್ಕೆ ನೀರು, ಗಾಳಿ, ಚೂರು ಉಳಿದ ಹುಳಿ ಮೂರೂ ಸಿಕ್ಕಿದರೆ ನಿಮಿಷಗಳಲ್ಲಿ ಬಣ್ಣ ಬರುತ್ತದೆ. ಈಗ ಹೀಗೆ ಮಾಡಿ. ಸೋಪು ಹಾಕಿ ಗಟ್ಟಿ ಬ್ರಷ್‌ನಲ್ಲಿ ಮಸಿ ಹೋಗುವ ತನಕ ತಿಕ್ಕಿ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ಅದರಲ್ಲಿ ಅದ್ದಿ ತೆಗೆಯಿರಿ, ಉಳಿದ ಹುಳಿ ಸಾಯುತ್ತದೆ. ಬಿಸಿನೀರಲ್ಲಿ ಜಾಲಿಸಿ ತಕ್ಷಣ ಬಟ್ಟೆಯಲ್ಲಿ ಒರೆಸಿ. "ಒಣಗಲು ಬಿಡುವುದು" ಅನ್ನುವ ಮಾತೇ ಇಲ್ಲಿ ಬೇಡ. ಹೇರ್ ಡ್ರೈಯರ್‌ನಿಂದ ಬಿಸಿ ಗಾಳಿ ಹಿಡಿಯಿರಿ. ಮೈ ಇನ್ನೂ ಬೆಚ್ಚಗಿರುವಾಗಲೇ ಎಣ್ಣೆ ಸವರಿ, ಒಣ ಬಟ್ಟೆಯಲ್ಲಿ ಮತ್ತೆ ಒರೆಸಿಬಿಡಿ. ಕಂಡೂ ಕಾಣದಷ್ಟು ಉಳಿದರೆ ಸಾಕು.

ಯಾವ ಎಣ್ಣೆ ಅನ್ನುವುದು ಮುಖ್ಯ. ಅಡುಗೆ ಎಣ್ಣೆ ಹಚ್ಚಿಟ್ಟರೆ ಕೆಲವು ವಾರಗಳಲ್ಲಿ ಕಮಟು ವಾಸನೆ ಬರುತ್ತದೆ, ಆಮೇಲೆ ಅಂಟಂಟಾಗಿ ಗಟ್ಟಿಯಾಗುತ್ತದೆ. ಹಾಗೆ ಅಂಟಿಕೊಂಡು ಹ್ಯಾಂಡಲ್ಲೇ ತಿರುಗದ ಮಿನ್ಸರ್‌ಗಳು ನನ್ನ ಹತ್ತಿರ ಎಷ್ಟೋ ಬಂದಿವೆ. ಹೊಲಿಗೆ ಮೆಷಿನ್ನಿನ ಎಣ್ಣೆಯನ್ನಂತೂ ಆಹಾರ ತಾಗುವ ಕಡೆ ಹಾಕಲೇಬಾರದು. ಆಹಾರಕ್ಕೆ ತಾಗಿದರೆ ತೊಂದರೆಯಿಲ್ಲ ಅಂತ ಬರೆದಿರುವ ಮಿನರಲ್ ಆಯಿಲ್ ಕೊಳ್ಳಿ. ಬಣ್ಣವಿಲ್ಲ, ವಾಸನೆಯಿಲ್ಲ, ಕೆಡುವುದೂ ಇಲ್ಲ.

ಇಲ್ಲೊಂದು ನನ್ನ ತಪ್ಪೂ ಹೇಳಿಬಿಡುತ್ತೇನೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಮಿನ್ಸರ್ ಬಂತು. ಮಂಕಾದ ಬೂದು ಮೈ. ತಂತಿ ಚಕ್ರಕ್ಕೆ ಹಿಡಿದು ಕನ್ನಡಿಯಂತೆ ಹೊಳೆಯಿಸಿ ಕೊಟ್ಟೆ, ಬೆನ್ನು ತಟ್ಟಿಕೊಂಡೆ. ಒಂದೇ ವಾರಕ್ಕೆ ಅದರ ಯಜಮಾನರು ವಾಪಸ್ ತಂದರು, ಪೂರ್ತಿ ಕೆಂಪಾಗಿತ್ತು. ನಾನು ಕೊಳೆ ಅಂದುಕೊಂಡು ಕಿತ್ತದ್ದು ಎಷ್ಟೋ ವರ್ಷ ಕಬ್ಬಿಣವನ್ನು ಕಾಯ್ದಿದ್ದ ತವರ. ತವರ ವಯಸ್ಸಾದಂತೆ ಮಂಕಾಗುತ್ತದೆ, ಅದು ಅದರ ಸ್ವಭಾವ. ಮಂಕು ಬೂದು ಅಂದರೆ ಲೇಪ ಇನ್ನೂ ಇದೆ. ಕಂದು ಅಥವಾ ಕಿತ್ತಳೆ ಕಂಡರೆ ಅಲ್ಲಿ ಹೋಗಿದೆ.

ಹಾಗಾದರೆ ತುಕ್ಕಿನಿಂದ ಏನೂ ಆಗುವುದಿಲ್ಲವಾ? ತುಕ್ಕು ಚುಚ್ಚಿದರೆ ಧನುರ್ವಾಯು ಬರುತ್ತದೆ ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದವರು. ಆ ಕಾಯಿಲೆ ತರುವುದು ತುಕ್ಕಲ್ಲ, ಒಂದು ಬ್ಯಾಕ್ಟೀರಿಯಾ. ಅದರ ಬೀಜಾಣುಗಳು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ, ಧೂಳಿನಲ್ಲಿ. ಹೊಲದಲ್ಲಿ ಬಿದ್ದ ಮೊಳೆಗೆ ತುಕ್ಕೂ ಇರುತ್ತದೆ, ಮಣ್ಣೂ ಇರುತ್ತದೆ, ಆಳಕ್ಕೂ ಚುಚ್ಚುತ್ತದೆ. ಹೆಸರು ಮಾತ್ರ ತುಕ್ಕಿಗೆ ಬಂತು. ಹೊಚ್ಚ ಹೊಸ ಮೊಳೆಗೂ ಮಣ್ಣು ಹತ್ತಿದ್ದರೆ ಅಪಾಯ ಅಷ್ಟೇ. ಹಾಗಂತ ಅಲಗು ತಾಗಿ ಕೈ ಕೊಯ್ದರೆ, ಚುಚ್ಚುಮದ್ದು ಹಾಕಿಸಿ ತುಂಬಾ ವರ್ಷ ಆಗಿದ್ದರೆ, ಡಾಕ್ಟರ್ ಹತ್ತಿರ ಹೋಗಿ. ಅದು ಸಾಮಾನು ಹೊಸದಿದ್ದರೂ ಮಾಡಬೇಕಾದದ್ದೇ.

ಸ್ವಲ್ಪ ತುಕ್ಕು ಹೊಟ್ಟೆಗೆ ಹೋದರೂ ಅದು ವಿಷವಲ್ಲ, ರುಚಿ ಕೆಡುತ್ತದೆ ಅಷ್ಟೆ. ನಿಜವಾದ ತೊಂದರೆ ತುಕ್ಕು ಕೊರೆದ ಗುಳಿಗಳದ್ದು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳದ ಗುಳಿ ಇದ್ದರೆ ಅದರಲ್ಲಿ ಹಸಿ ಮಾಂಸ ಕೂರುತ್ತದೆ, ಬ್ರಷ್ ಅಲ್ಲಿಗೆ ಮುಟ್ಟುವುದಿಲ್ಲ. ಅಂಥ ಮಿನ್ಸರ್‌ನಲ್ಲಿ ನಾನಾದರೆ ಮಾಂಸ ಹಾಕುವುದಿಲ್ಲ. ಒಣ ಬ್ರೆಡ್ಡು, ಬೀಜಗಳು ಇಂಥದ್ದಕ್ಕೆ ಇಟ್ಟುಕೊಳ್ಳುತ್ತೇನೆ. ಮೈ ನಯವಾಗಿದ್ದರೆ ಮಾಂಸಕ್ಕೂ ಬಳಸಬಹುದು, ಮುಗಿದ ಕೂಡಲೇ ಬಿಚ್ಚಿ ತೊಳೆಯಬೇಕು. ಅರೆದ ಮಾಂಸದಲ್ಲಿ ಹೊರಮೈಯ ಸೂಕ್ಷ್ಮಜೀವಿಗಳೆಲ್ಲ ಒಳಕ್ಕೆ ಬೆರೆತಿರುತ್ತವೆ. ಹಾಗಾಗಿ ನಡುವೆಯೂ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹಾಗೆ ಬೇಯಿಸಬೇಕು. ಯಂತ್ರ ಹೊಸದೋ ಹಳೇದೋ, ಈ ಲೆಕ್ಕ ಒಂದೇ.

ಮಿನ್ಸರ್ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಈ ಪೆಟ್ಟಿಗೆಯಲ್ಲಿ ನನಗೆ ಇಷ್ಟವಾದದ್ದು ಅದೇ. ಅದರ ಮೈಮೇಲೆ 5, 8, 10 ಹೀಗೆ ಯಾವುದೋ ಅಂಕಿ ಎರಕದಲ್ಲೇ ಮೂಡಿರುತ್ತದೆ, ನೋಡಿ. ಅದು ಅರೆದದ್ದು ಹೊರಬರುವ ತೂತಿನ ತಟ್ಟೆಯ ಅಳತೆ. 5 ಅಂದರೆ ತಟ್ಟೆಯ ಅಗಲ ಸುಮಾರು 54 ಮಿಲಿಮೀಟರ್, 8 ಅಂದರೆ 62, 10 ಮತ್ತು 12 ಎರಡಕ್ಕೂ 70, 22ಕ್ಕೆ 82. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಎಂಟರ್‌ಪ್ರೈಸ್ ಕಂಪನಿಯಂಥವರು ಬಳಸಿದ ಅಂಕಿಗಳು ಇವತ್ತಿಗೂ ನಡೆಯುತ್ತಿವೆ. ಅಂದರೆ ಅಜ್ಜಿಯ ಕಾಲದ ಮೈಗೆ ಇವತ್ತಿನ ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ, ಅಲಗು ಕೂರುತ್ತವೆ. ಆಹಾರ ಜಾಸ್ತಿ ಉಜ್ಜಾಡುವುದು ಆ ಎರಡರ ನಡುವೆಯೇ. ಅವು ಹೊಸದಾದರೆ ಅರ್ಧ ಚಿಂತೆ ಮುಗಿಯಿತು. ಕೊಳ್ಳುವ ಮೊದಲು ತಟ್ಟೆಯ ನಡುವಿನ ತೂತು, ದಪ್ಪ, ಅಂಚಿನ ಕಚ್ಚು ಮೂರನ್ನೂ ಹಳೆಯದರ ಜೊತೆ ಹೋಲಿಸಿ. ಕೆಲವು ಹಳೇ ಕಂಪನಿಗಳದ್ದು ಅವರದ್ದೇ ಅಳತೆ.

ಹಳೆಯ ತಟ್ಟೆ, ಅಲಗನ್ನೇ ಉಳಿಸಿಕೊಳ್ಳುವುದಾದರೆ ಸಾಣೆ ಹಿಡಿಯುವುದು ಸುಲಭ. ಒಂದು ಗಾಜಿನ ಹಲಗೆ ಮೇಲೆ 400 ನಂಬರಿನ ನೀರಿಗೆ ಹಾಕುವ ಸ್ಯಾಂಡ್‌ಪೇಪರ್ ಹಾಸಿ, ನೀರು ಚಿಮುಕಿಸಿ. ತಟ್ಟೆಯನ್ನು ಮಟ್ಟಸವಾಗಿ ಒತ್ತಿ, ಇಂಗ್ಲಿಷಿನ 8ರ ಆಕಾರದಲ್ಲಿ ಉಜ್ಜಿ. ಅಲಗಿನ ಚಪ್ಪಟೆ ಮುಖವನ್ನೂ ಹಾಗೇ. ಇಡೀ ಮೈ ಒಂದೇ ಬಣ್ಣಕ್ಕೆ ಬಂದರೆ ಮಟ್ಟ ಬಂತು ಅಂತ. ಜೋಡಿಸುವಾಗ ಆ ಚಪ್ಪಟೆ ಮುಖ ತಟ್ಟೆಯ ಕಡೆಗೇ ಇರಬೇಕು. "ಹಳೇ ಮಿನ್ಸರ್ ಕತ್ತರಿಸುವುದಿಲ್ಲ, ಬರೀ ಜಜ್ಜುತ್ತದೆ" ಅಂತ ಬರುವವರಲ್ಲಿ ಎಷ್ಟೋ ಮಂದಿ ಅಲಗನ್ನು ತಿರುಗಾಮುರುಗಾ ಹಾಕಿರುತ್ತಾರೆ. ತಿರುಗಿಸಿ ಹಾಕಿ ಕೊಟ್ಟದ್ದಕ್ಕೆ ದುಡ್ಡು ತೆಗೆದುಕೊಳ್ಳಲು ನಾಚಿಕೆಯಾಗುತ್ತದೆ.

ಮೊದಲ ಸಲ ಬಳಸುವ ಮುನ್ನ ಒಂದೆರಡು ಹೋಳು ಬಿಳಿ ಬ್ರೆಡ್ ಹಾಕಿ ತಿರುಗಿಸಿ. ಹೊರಬಂದ ಬ್ರೆಡ್ಡನ್ನು ಬೆಳಕಿಗೆ ಹಿಡಿದು ನೋಡಿ. ಬೂದು ಗೆರೆ ಕಂಡರೆ ಎಲ್ಲೋ ಲೋಹಕ್ಕೆ ಲೋಹ ಉಜ್ಜುತ್ತಿದೆ. ಹ್ಯಾಂಡಲ್ ಕಡೆಯ ಹಿಂದಿನ ತೂತಿನಲ್ಲಿ ಕಬ್ಬಿಣ ಕಬ್ಬಿಣದ ಮೇಲೇ ತಿರುಗುತ್ತದೆ, ನಡುವೆ ಬೇರೇನೂ ಇರುವುದಿಲ್ಲ. ಅಲ್ಲಿಂದ ಕಪ್ಪು ಮಸಿ ಒಳಗೆ ಇಳಿಯುವುದು ಸಾಮಾನ್ಯ. ಒರೆಸಿ, ಒಂದು ಹನಿ ಮಿನರಲ್ ಆಯಿಲ್ ಬಿಟ್ಟು ಮತ್ತೆ ಬ್ರೆಡ್ ಹಾಕಿ. ಬ್ರೆಡ್ ಬೆಳ್ಳಗೆ ಬರುವ ತನಕ ಅಡುಗೆಗೆ ಬೇಡ. ಏನೂ ಹಾಕದೆ ಖಾಲಿ ತಿರುಗಿಸುವುದು ಮಾತ್ರ ಬೇಡ, ಅಲಗು ಮೊಂಡಾಗುವುದೇ ಹಾಗೆ.

ಮತ್ತೆ ತವರ ಹಾಕಿಸಬೇಕಾ? ಹಾಕಿಸಬಹುದು. ಆಹಾರಕ್ಕೆ ಬಳಸುವ ಶುದ್ಧ ತವರದಲ್ಲೇ ಬಿಸಿಯಾಗಿ ಅದ್ದುವವರು ಸಿಕ್ಕರೆ ಮಾತ್ರ. ಹಾಕುವ ತವರದಲ್ಲಿ ಸೀಸ ಇಲ್ಲ ಅಂತ ಬಾಯಿಬಿಟ್ಟು ಕೇಳಿ. ಸಿಗದಿದ್ದರೆ ಬೆತ್ತಲೆ ಕಬ್ಬಿಣವನ್ನೇ ಎಣ್ಣೆ ಸವರಿ ಬಳಸಿ, ಹುಳಿ ಪದಾರ್ಥ ಹಾಕಬೇಡಿ ಅಷ್ಟೆ. ನನ್ನ ಮನೆಯ ಮಿನ್ಸರ್ ಹಾಗೇ ಇದೆ. ಆದರೆ ಪ್ಲೇಟಿಂಗ್ ಅಂಗಡಿಗೆ ಕೊಟ್ಟು ಸತು ಅಥವಾ ಕ್ಯಾಡ್ಮಿಯಂ ಲೇಪ ಹಾಕಿಸುವ ತಪ್ಪು ಮಾಡಬೇಡಿ. ನಟ್ಟು ಬೋಲ್ಟಿಗೆ ಅದು ಸರಿ. ಸತು ಹುಳಿಗೆ ಕರಗಿ ವಾಂತಿ ತರಿಸುತ್ತದೆ, ಕ್ಯಾಡ್ಮಿಯಂ ಅದಕ್ಕಿಂತ ಕೆಟ್ಟದ್ದು. ಇನ್ನೊಂದು, ಎರಕದ ಬಾಣಲೆಗೆ ಮಾಡುವ ಹಾಗೆ ಎಣ್ಣೆ ಹಚ್ಚಿ ಓವನ್‌ನಲ್ಲಿ ಕಾಯಿಸಿ ಪದರ ಕೂರಿಸಿ ಅಂತ ಯಾರಾದರೂ ಹೇಳಬಹುದು. ತವರ 232 ಡಿಗ್ರಿಗೆ ಕರಗುತ್ತದೆ. ಚೂರು ಲೇಪ ಉಳಿದಿದ್ದರೂ ಅದು ಹನಿಯಾಗಿ ಇಳಿಯುತ್ತದೆ, ಬೇಡ.

ಈಗ ಸೀಸ. ಭಾವನವರ ಭಯಕ್ಕೆ ಕಾರಣ ಇದೆ. ಸೀಸ ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಮಟ್ಟವೇ ತಿಳಿದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ಮೆದುಳು ಬೆಳೆಯುವ ವಯಸ್ಸಿನಲ್ಲಿ ಅದು ಸಣ್ಣ ಮಾತಲ್ಲ. ಕುದಿಸಿದರೆ ಹೋಗುತ್ತದೆ ಅನ್ನುವುದು ಸುಳ್ಳು. ಅದು ಲೋಹ, ಕುದಿಸಿದರೆ ಸಾಯುವ ಕ್ರಿಮಿ ಅಲ್ಲ.

ಆದರೆ ಸೀಸ ಎಲ್ಲೆಂದರಲ್ಲಿ ಇರುವುದಿಲ್ಲ. ಮಿನ್ಸರ್‌ನ ಎರಕದ ಮೈ ಒಂದೇ ತುಂಡು, ಬೆಸುಗೆಯೇ ಇಲ್ಲ. ಅಲ್ಲಿ ಅನುಮಾನ ಇದ್ದದ್ದು ಹಳೇ ತವರದ ಲೇಪದ ಮೇಲೆ ಮಾತ್ರ, ಅದನ್ನು ನಿಮ್ಮ ವಿನೆಗರ್ ಬಹುಪಾಲು ತಿಂದಿರಬಹುದು. ನಾನು ಹುಡುಕುವುದು ಎರಡು ಜಾಗದಲ್ಲಿ, ಬಣ್ಣದಲ್ಲಿ ಮತ್ತು ಬೆಸುಗೆಯಲ್ಲಿ.

ಮೊದಲು ಬಣ್ಣ. ಈ ಬಗೆಯ ಕೈ ಬೀಟರ್‌ಗಳಲ್ಲಿ ಹೆಸರು ಮಾಡಿದ್ದು 1870ರ ಪೇಟೆಂಟಿನ ಡೋವರ್ ಬೀಟರ್. ಅಮೆರಿಕದಲ್ಲಿ ಯಾವ ಕಂಪನಿಯ ಬೀಟರ್ ಆದರೂ "ಡೋವರ್" ಅಂತಲೇ ಕರೆಯುವಷ್ಟು ಅದು ನಡೆಯಿತು. ಬಣ್ಣದ ಮರದ ಹಿಡಿಗಳು ಬಂದದ್ದು ಆಮೇಲೆ. ಕೆಂಪು, ಹಳದಿ, ಹಸಿರು ಬಣ್ಣಗಳಿಗೆ ಆಗ ಎಷ್ಟೋ ಸಲ ಸೀಸದ ಸಂಯುಕ್ತಗಳನ್ನು ಹಾಕುತ್ತಿದ್ದರು. ಹೊಳಪೂ ಬರುತ್ತಿತ್ತು, ಬೇಗ ಮಾಸುತ್ತಲೂ ಇರಲಿಲ್ಲ. ಅಮೆರಿಕದಲ್ಲಿ ಮನೆಬಳಕೆಯ ಬಣ್ಣಗಳಿಂದ ಅದನ್ನು ಹೊರಹಾಕಿದ್ದು 1978ರಲ್ಲಿ, ಎಷ್ಟೋ ದೇಶಗಳಲ್ಲಿ ಇನ್ನೂ ತಡವಾಗಿ. ಹಾಗಾಗಿ ನಿಮ್ಮ ಕೆಂಪು ಹಿಡಿಯಲ್ಲಿ ಸೀಸ ಇದೆ ಅಂತಲೇ ನಾನು ಎಣಿಸುತ್ತೇನೆ. ಇಲ್ಲ ಅಂತ ಪರೀಕ್ಷೆ ತೋರಿಸಿದರೆ ಸಂತೋಷ.

ಎದ್ದ ಬಣ್ಣದ ಚಕ್ಕೆ ನೇರ ಬಟ್ಟಲಿಗೆ ಬೀಳುತ್ತದೆ, ಹಿಡಿ ಇರುವುದೇ ಬಟ್ಟಲಿನ ಮೇಲೆ ಅಲ್ವಾ. ಅದಕ್ಕಿಂತ ಕೆಟ್ಟದ್ದು ಉಜ್ಜುವುದು. ಚಕ್ಕೆಯಾದರೆ ಕಣ್ಣಿಗೆ ಕಾಣುತ್ತದೆ, ಹೆಕ್ಕಿ ಎಸೆಯಬಹುದು. ಉಜ್ಜಿದರೆ ಅದೇ ಬಣ್ಣ ಹಿಟ್ಟಿನಂಥ ಧೂಳಾಗಿ ನೆಲ, ಕಿಟಕಿ, ಆಟದ ಸಾಮಾನು ಎಲ್ಲದರ ಮೇಲೂ ಕೂರುತ್ತದೆ. ಅಲ್ಲಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಇದಕ್ಕೇ ಸ್ಯಾಂಡ್‌ಪೇಪರ್ ಕೆಳಗಿಡಿ ಅಂದದ್ದು. ಈಗಾಗಲೇ ಸ್ವಲ್ಪ ಉಜ್ಜಿದ್ದರೆ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನೇ ಎಸೆದುಬಿಡಿ.

ನನ್ನ ಸಲಹೆ ಏನೆಂದರೆ ಹಿಡಿಯನ್ನೇ ಬದಲಿಸಿ. ಹೆಚ್ಚಿನ ಬೀಟರ್‌ಗಳಲ್ಲಿ ಪಕ್ಕದ ಗುಂಡು ಹಿಡಿಯನ್ನು ಒಂದು ಸಣ್ಣ ರಿವೆಟ್ಟು, ಮೇಲಿನ ಹಿಡಿಯನ್ನು ಒಂದು ಕಂಬಿ ಹಿಡಿದುಕೊಂಡಿರುತ್ತದೆ. ಮರ ಕೆತ್ತುವವರು ಯಾರಾದರೂ ಅದೇ ಆಕಾರದ್ದು ಮಾಡಿಕೊಡುತ್ತಾರೆ. ಹೊಸದಕ್ಕೆ ಬಣ್ಣ ಬೇಡ, ಮಿನರಲ್ ಆಯಿಲ್ ಸವರಿದರೆ ಸಾಕು. ಹಳೆಯ ಬಣ್ಣವೇ ಬೇಕು, ಅಜ್ಜಿಯ ಕೈ ಹಿಡಿದದ್ದು ಅದನ್ನೇ ಅಂದರೆ ಅರ್ಥವಾಗುತ್ತದೆ. ಆಗ ಅದು ಗಾಜಿನ ಬಾಗಿಲ ಹಿಂದೆ ಇರಲಿ. ಕೆಮಿಕಲ್ ಹಚ್ಚಿ ಬಣ್ಣವನ್ನು ಒದ್ದೆಯಾಗಿಯೇ ಕೆರೆದು ತೆಗೆಯುವ ದಾರಿಯೂ ಇದೆ, ಆದರೆ ಮಗು ಇರುವ ಮನೆಯೊಳಗೆ ಅದನ್ನು ಮಾಡಿ ಅಂತ ನಾನು ಹೇಳಲಾರೆ. ಬಣ್ಣದ ಮೇಲೆ ಉಜ್ಜಿದರೆ ಕೆಂಪಾಗುವ ಸೀಸದ ಪರೀಕ್ಷಾ ಕಡ್ಡಿಗಳ ಬಗ್ಗೆಯೂ ಒಂದು ಮಾತು. ಅವು ಮೇಲಿನ ಪದರ ಮಾತ್ರ ನೋಡುತ್ತವೆ. ಒಳಗಿನ ಪದರದಲ್ಲಿ ಸೀಸ ಇದ್ದರೆ ಗೊತ್ತಾಗದು. ಹಿಡಿಯೇ ಕೆಂಪಗಿದ್ದಾಗ ಕಡ್ಡಿಗೆ ಹತ್ತಿದ್ದು ಹಿಡಿಯ ಬಣ್ಣವೋ ಪರೀಕ್ಷೆಯ ಬಣ್ಣವೋ ಅಂತ ಹೇಳುವುದೂ ಕಷ್ಟ. ಎಕ್ಸ್‌ರೇ ಹಾಯಿಸಿ ಲೋಹ ಅಳೆಯುವ ಯಂತ್ರ ಇರುವ ಲ್ಯಾಬ್ ಹತ್ತಿರ ಇದ್ದರೆ ಅಲ್ಲಿ ತೋರಿಸಿ, ಸಾಮಾನಿಗೆ ಗೀರೂ ಬೀಳುವುದಿಲ್ಲ.

ಬೀಟರ್‌ನ ಗೇರು ಮಾತ್ರ ನೀರಲ್ಲಿ ಮುಳುಗಿಸಬೇಡಿ. ಕೆಳಗಿನ ರೆಕ್ಕೆಗಳನ್ನು ಬಿಸಿನೀರಿನ ಲೋಟದಲ್ಲಿಟ್ಟು ತಿರುಗಿಸಿದರೆ ತಾನೇ ತೊಳೆದುಕೊಳ್ಳುತ್ತದೆ.

ಫುಡ್ ಮಿಲ್‌ಗೆ ಬರೋಣ. ಈ ಬಗೆಯದ್ದನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಫ್ರಾನ್ಸಿನ ಜ್ಯಾಂ ಮಾಂತೆಲೆ ದೊಡ್ಡ ಹೆಸರು, 1932ರಲ್ಲಿ. ಮುಂದೆ ಮೂಲಿನೆಕ್ಸ್ ಆಗಿ ಬೆಳೆದದ್ದು ಅವರ ಕಂಪನಿಯೇ. ಇದು ತವರ ಲೇಪದ ತಗಡು. ಹುಳಿ ಇರುವುದೇ ಇದಕ್ಕೆ ಜಾಸ್ತಿ ಬೀಳುತ್ತದೆ, ಟೊಮೆಟೊ, ಹಣ್ಣು ಹೀಗೆ. ಅದಕ್ಕೇ ಇದರ ಜೋಡಣೆಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಅಂಚು ಮಡಚಿ ಒತ್ತಿದ್ದರೆ, ಇಲ್ಲವೇ ಸಾಲಾಗಿ ಸಣ್ಣ ಗುಂಡು ಗುಳಿಗಳಿದ್ದರೆ ಅದು ಒತ್ತಿ ಬೆಸೆದದ್ದು, ಬೆಸುಗೆ ಲೋಹ ಹಾಕಿಲ್ಲ. ಜೋಡಣೆಯ ಉದ್ದಕ್ಕೂ ಕರಗಿ ಹರಿದು ಗಟ್ಟಿಯಾದ ಬೂದು ಗೆರೆ ಕಂಡರೆ ಅದು ಬೆಸುಗೆ. ಹಳೇ ಬೆಸುಗೆಯಲ್ಲಿ ತವರದ ಜೊತೆ ಸೀಸ ಬೆರೆಸುವುದು ಮಾಮೂಲಿ. ಅಮೆರಿಕದಲ್ಲಿ ಆಹಾರದ ಡಬ್ಬಿಗಳಿಗೇ ಸೀಸದ ಬೆಸುಗೆಯನ್ನು ನಿಷೇಧಿಸಿದ್ದು 1995ರಲ್ಲಿ ಅಂದರೆ ನೋಡಿ, ಇದು ತೀರಾ ಹಳೇ ಕಥೆಯೇನಲ್ಲ.

ಬೆಸುಗೆ ಆಹಾರ ತಾಗುವ ಕಡೆ ಇದ್ದರೆ ಫುಡ್ ಮಿಲ್ ಅಡುಗೆಯಿಂದ ಹೊರಗೆ, ಅದರಲ್ಲಿ ಎರಡು ಮಾತಿಲ್ಲ. ಬೆಸುಗೆ ಇಲ್ಲದೆ, ಲೇಪ ಬೂದು ಬಣ್ಣದಲ್ಲಿ ಪೂರ್ತಿ ಇದ್ದರೆ ಬಳಸಿ. ಹುಳಿಯದ್ದನ್ನು ಸೋಸಿದರೂ ಕೂಡಲೇ ಬೇರೆ ಪಾತ್ರೆಗೆ ಹಾಕಿ ತೊಳೆದುಬಿಡಿ, ಅದರಲ್ಲೇ ಇಟ್ಟು ಊಟಕ್ಕೆ ಕೂರಬೇಡಿ. ಜರಡಿಯ ತೂತುಗಳ ಅಂಚು ಕಂದಾಗಿದ್ದರೆ ಅದನ್ನು ತೊಳೆದು ಮುಗಿಸುವವರು ಯಾರೂ ಇಲ್ಲ, ಅದಕ್ಕೆ ಗೋಡೆಯ ಮೊಳೆಯೇ ಸರಿ. ಡಿಶ್‌ವಾಷರ್ ಇದ್ದರೆ ಈ ಐದರಲ್ಲಿ ಒಂದನ್ನೂ ಅದರೊಳಗೆ ಹಾಕಬೇಡಿ. ಆ ಪುಡಿಯ ಕ್ಷಾರ ತವರವನ್ನು ಕೀಳುತ್ತದೆ, ಮರವನ್ನು ಬಿರಿಯಿಸುತ್ತದೆ, ಅಲ್ಯೂಮಿನಿಯಂ ಭಾಗ ಇದ್ದರೆ ಕರ್ರಗೆ ಮಾಡುತ್ತದೆ.

ಕಾಫಿ ಗ್ರೈಂಡರ್‌ನದ್ದು ಚಿಕ್ಕ ಕಥೆ. ಪ್ಯೂಜೊ ಕಾರು ಗೊತ್ತಲ್ಲ, ಆ ಮನೆತನ 1840ರಿಂದಲೇ ಕಾಫಿ ಗ್ರೈಂಡರ್ ಮಾಡುತ್ತಿತ್ತು. ಅದಕ್ಕೂ ಮೊದಲು ಗರಗಸ ಮಾಡುತ್ತಿದ್ದವರು, ಉಕ್ಕಿನ ಹಲ್ಲು ಹೇಗಿರಬೇಕು ಅಂತ ಅವರಿಗೆ ಹೇಳಿಕೊಡಬೇಕಿರಲಿಲ್ಲ. ಇಂಥ ಗ್ರೈಂಡರ್‌ನ ಹಲ್ಲು ಅಷ್ಟು ಸುಲಭಕ್ಕೆ ಸವೆಯುವುದಿಲ್ಲ. ನೀರು ಮುಟ್ಟಿಸಬೇಡಿ. ಬಿಚ್ಚುವ ಮೊದಲು ಫೋಟೊ ತೆಗೆದುಕೊಳ್ಳಿ. ಗಟ್ಟಿ ಒಣ ಬ್ರಷ್‌ನಲ್ಲಿ ಹಳೇ ಪುಡಿ ಕೆರೆಯಿರಿ. ಆ ಹಳಸಲು ವಾಸನೆ ಕಾಫಿಯ ಎಣ್ಣೆಯದ್ದು. ಎರಡು ಮೂರು ಹಿಡಿ ಹಳೇ ಬೀಜ ಹಾಕಿ ಪುಡಿ ಮಾಡಿ ಎಸೆದರೆ ಬಹುಪಾಲು ಹೋಗುತ್ತದೆ. ಸೀಮೆಎಣ್ಣೆಯದ್ದೋ ಕೀಟನಾಶಕದ್ದೋ ವಾಸನೆ ಬಂದರೆ ಮಾತ್ರ ಬಿಟ್ಟುಬಿಡಿ. ಮರ ಅದನ್ನು ಕುಡಿದಿರುತ್ತದೆ, ಮತ್ತೆ ಬಿಟ್ಟುಕೊಡುವುದಿಲ್ಲ.

ಇನ್ನು ಮಿಕ್ಸರ್. ಇಷ್ಟರಲ್ಲೇ ಒಮ್ಮೆ ಪ್ಲಗ್ ಹಾಕಿ ನೋಡಿಲ್ಲ ತಾನೇ? "ಓಡುತ್ತಾ ನೋಡೋಣ" ಅನ್ನುವ ಆ ಒಂದು ಸಲವೇ ಅಪಾಯ. ಬಟ್ಟೆಯ ಕೆಳಗೆ ವೈರಿನ ಮೇಲೆ ಇರುವುದು ರಬ್ಬರ್. ಅದು ವರ್ಷಗಳಲ್ಲಿ ಒಣಗಿ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಹೊರಗಿನ ಬಟ್ಟೆ ಚೆನ್ನಾಗಿಯೇ ಇರುತ್ತದೆ, ಒಳಗೆ ತಾಮ್ರ ಬೆತ್ತಲೆ. ಎಷ್ಟೋ ಮಿಕ್ಸರ್‌ಗಳ ಮೈ ಲೋಹದ್ದು, ಪ್ಲಗ್‌ಗೆ ಎರಡೇ ಪಿನ್ನು, ಅರ್ತ್ ಇಲ್ಲ. ಒಳಗೆ ವೈರು ಮೈಗೆ ತಾಗಿದ್ದರೆ, ಒದ್ದೆ ಕೈಯಲ್ಲಿ ಹಿಡಿದವರೇ ಅರ್ತ್. ಇದರ ಜೊತೆಗೆ ರೇಡಿಯೊಗೆ ಗೊರಗೊರ ಸದ್ದು ಬರದಿರಲಿ ಅಂತ ಹಾಕಿದ ಹಳೇ ಕಾಗದದ ಕೆಪಾಸಿಟರ್ ಇರುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದದ್ದು ಕರೆಂಟ್ ಕೊಟ್ಟ ಕೆಲವು ನಿಮಿಷದಲ್ಲಿ ಒಡೆದು ಮನೆ ತುಂಬಾ ಹೊಗೆ ತುಂಬುವುದನ್ನು ನನ್ನ ಅಂಗಡಿಯಲ್ಲೇ ಕಂಡಿದ್ದೇನೆ. ಕೆಲವು ಹಳೇ ಯಂತ್ರಗಳಲ್ಲಿ ಶಾಖ ತಡೆಯಲು ಆಸ್‌ಬೆಸ್ಟಾಸ್ ಕೂಡ ಹಾಕುತ್ತಿದ್ದರು, ಹಾಗಾಗಿ ನೀವೇ ಬಿಚ್ಚಿ ಒಳಗೆ ಗಾಳಿ ಊದಲು ಹೋಗಬೇಡಿ.

ಮಿಕ್ಸರ್ ಉಳಿಸಬಹುದು. ಮೋಟಾರ್ ರಿಪೇರಿಯವರ ಹತ್ತಿರ ಕೊಟ್ಟು ಅರ್ತ್ ಇರುವ ಹೊಸ ವೈರು, ಹೊಸ ಕೆಪಾಸಿಟರ್, ಬೇಕಿದ್ದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಹಾಕಿಸಿ. ಆಮೇಲೆ ಕರೆಂಟ್ ಮೈಗೆ ಸೋರುತ್ತದೆಯಾ ಅಂತ ಅಳೆಯುವ ಮೆಗ್ಗರ್ ಹಿಡಿದು ನೋಡಲು ಹೇಳಿ, 500 ವೋಲ್ಟಿನಲ್ಲಿ ಕನಿಷ್ಠ 1 ಮೆಗಾಓಮ್ ಬರಬೇಕು. ಅದಕ್ಕಿಂತ ಕಡಿಮೆ ಬಂದರೆ ಮನೆಗೆ ತರಬೇಡಿ. ಮೈಮೇಲಿನ ಚೀಟಿಯಲ್ಲಿ 110 ಅಥವಾ 120 ವೋಲ್ಟ್ ಅಂತ ಇದ್ದು ನಿಮ್ಮ ಮನೆಯದ್ದು 230 ಆಗಿದ್ದರೆ ನೇರ ಹಾಕಿದ ಕ್ಷಣವೇ ಮೋಟಾರ್ ಸುಡುತ್ತದೆ. ಇಷ್ಟೆಲ್ಲ ಮಾಡಿಸುವುದು ಬೇಕಾ ಅಂದರೆ, ಬರೀ ಮಿಕ್ಸರ್ ಬೇಕಿದ್ದರೆ ಬೇಡ, ಹೊಸದು ಕೊಳ್ಳಿ. ಅಜ್ಜಿಯದ್ದೇ ಮಿಕ್ಸರ್ ಬೇಕಿದ್ದರೆ ಮಾಡಿಸಿ.

ಇವು ಎಷ್ಟು ಹಳೆಯವು ಅಂತ ತಿಳಿಯುವ ಆಸೆ ಇದ್ದರೆ ಮೈಮೇಲಿನ ಅಕ್ಷರ ಓದಿ. ಆದರೆ ಪೇಟೆಂಟ್ ವರ್ಷ ಅಂದರೆ ಮಾಡಿದ ವರ್ಷ ಅಲ್ಲ. 1870ರ ಪೇಟೆಂಟ್ ಎಂದು ಬರೆದದ್ದು ಅದಾಗಿ ಇಪ್ಪತ್ತು ವರ್ಷಕ್ಕೆ ಮಾಡಿದ್ದೂ ಇರಬಹುದು. "ವೆಸ್ಟ್ ಜರ್ಮನಿ" ಅಂತ ಇದ್ದರೆ ಮಾತ್ರ ಖುಷಿ, ಅದು 1949ಕ್ಕೂ 1990ಕ್ಕೂ ನಡುವಿನದ್ದು.

ಕೊನೆಗೆ ನಿಮ್ಮ ಮಗಳ ವಿಷಯ. ಹೊಸ ಹಿಡಿ ಹಾಕಿದ ಮೇಲೆ ಬೀಟರ್ ಅವಳಿಗೇ ಕೊಡಿ, ರೆಕ್ಕೆಗಳ ನಡುವೆ ಬೆರಳು ಹಾಕದ ಹಾಗೆ ಪಕ್ಕದಲ್ಲಿ ನೀವಿರಿ. ಜಡೆ ಹಾಕಿದ್ದರೆ ಹಿಂದಕ್ಕೆ ಕಟ್ಟಿ, ಗೇರು ಕೂದಲನ್ನು ಬಿಡುವುದಿಲ್ಲ. ಮಿನ್ಸರ್ ಹ್ಯಾಂಡಲ್ ಕೂಡ ತಿರುಗಿಸಲಿ, ಆದರೆ ಅದರ ಬಾಯಿಗೆ ತುಂಬುವ ಕೆಲಸ ಯಾವಾಗಲೂ ದೊಡ್ಡವರದ್ದು, ಅದೂ ಮರದ ಒತ್ತುಕೋಲಿನಲ್ಲಿ, ಬೆರಳಲ್ಲಿ ಅಲ್ಲ. ಪೆಟ್ಟಿಗೆಯಲ್ಲಿ ಆ ಒತ್ತುಕೋಲು ಸಿಗದಿದ್ದರೆ ಬೀಟರ್‌ನ ಹಿಡಿ ಮಾಡಿಕೊಡುವವರ ಹತ್ತಿರವೇ ಅದನ್ನೂ ಮಾಡಿಸಿಕೊಳ್ಳಿ. ಮಿನ್ಸರ್‌ನ ಬಾಯಿಗಿಂತ ಸ್ವಲ್ಪ ಸಣ್ಣದು, ತುದಿಯಲ್ಲಿ ಒಂದು ಅಗಲದ ಗುಂಡು ತಲೆ, ಕೋಲು ಜಾರಿ ಒಳಗಿನ ತಿರುಪಿಗೆ ಮುಟ್ಟದ ಹಾಗೆ.